ನಾಲ್ಕು ಮೊಳ ಒಳಗೆ, ಮೂರು ಮೊಳ ಹೊರಗೆ

ನಮ್ಮ ಸರ್ಜರಿ ವಾರ್ಡಿನಲ್ಲಿ ಸತ್ತವರನ್ನು ಬಿಟ್ಟರೆ ಉಳಿದವರೆಲ್ಲ ಸ್ಟೇಬಲ್. ಹತ್ತೊಂಬತ್ತು ವರ್ಷ ನರ್ಸ್ ಕೆಲಸ ಮಾಡಿ ನಾನು ಕಲಿತ ಮೊದಲ ಪಾಠ ಇದು. ಹೊಟ್ಟೆ ಕೊಯ್ಸಿಕೊಂಡು ಮೂರು ದಿನದಿಂದ ಗಂಜಿಯ ಮುಖ ಕಾಣದವರು ಸ್ಟೇಬಲ್, ಕಿಟಕಿ ಪಕ್ಕದ ಹಾಸಿಗೆಗಾಗಿ ಜಗಳ ತೆಗೆಯುವವರು ಸ್ಟೇಬಲ್, ಏದುಸಿರು ಬಿಡುತ್ತಾ ಮಗನ ಕೈ ಹಿಡಿದುಕೊಂಡವರೂ ಸ್ಟೇಬಲ್. ಎರಡು ಗಂಟೆಗೆ ಡ್ಯೂಟಿ ಮುಗಿಸಿ ಹೋಗಬೇಕಾದ ಡಾಕ್ಟರ ಬಾಯಲ್ಲಿ ಎರಡಕ್ಕೆ ಐದು ನಿಮಿಷ ಇರುವಾಗ ಬರುವ ಮಾತು ಅದೊಂದೇ. ಹೋಗುವವರಿಗೆ ಅದನ್ನು ಹೇಳುವ ಅವಸರ, ಬಂದವರಿಗೆ ಅದನ್ನು ನಂಬುವ ಆಸೆ. ಹಾಗಾಗಿ ಯಾರೂ ಎರಡನೇ ಪ್ರಶ್ನೆ ಕೇಳುವುದಿಲ್ಲ.

ಶಿವಾಜಿನಗರಕ್ಕೂ ಹಲಸೂರಿಗೂ ನಡುವಿನ ಒಂದು ಆಸ್ಪತ್ರೆ ನಮ್ಮದು. ಹೆಸರು ಬೇಡ. ಬರುವ ರೋಗಿಗಳಲ್ಲಿ ಕೆಲವರು ತಮಿಳು, ಕೆಲವರು ಉರ್ದು, ಕೆಲವರು ಕನ್ನಡ, ಬಹಳಷ್ಟು ಜನ ಮೂರನ್ನೂ ಕಲಸಿ ಮಾತಾಡುವವರು. ನರ್ಸುಗಳಲ್ಲಿ ಅರ್ಧದಷ್ಟು ಹುಡುಗಿಯರು ಕೇರಳದವರು, ಈಚೆಗೆ ಮಣಿಪುರದ ಕಡೆಯಿಂದಲೂ ಬಂದಿದ್ದಾರೆ. ಡಾಕ್ಟರುಗಳ ಮನೆಮಾತು ಏನೇ ಇರಲಿ, ರೋಗಿಯ ಹಾಸಿಗೆಯ ಹತ್ತಿರ ಬಂದ ತಕ್ಷಣ ಇಂಗ್ಲಿಷಿಗೆ ತಿರುಗುತ್ತಾರೆ. ಹಾಸಿಗೆಯ ಕಾಲಿನ ಕಡೆ ನಾಲ್ಕು ಜನ ನಿಂತು ಯಾವುದೋ ಹೆಂಗಸಿನ ಪಿತ್ತಕೋಶದ ಬಗ್ಗೆ ಮಾತಾಡುತ್ತಿರುತ್ತಾರೆ. ಪಿತ್ತಕೋಶದ ಒಡತಿ ಒಬ್ಬೊಬ್ಬರ ಬಾಯನ್ನೇ ನೋಡುತ್ತಾ ಮಲಗಿರುತ್ತಾಳೆ. ನಾನು ದಾವಣಗೆರೆ ಕಡೆಯವಳು, ಮನೆ ಹೊರಮಾವಿನಲ್ಲಿ. ಕನ್ನಡ ಸರಿಯಾಗಿ ಬರುವ ನರ್ಸ್ ಎಂದು ಎಲ್ಲರೂ ನನ್ನ ಸೆರಗನ್ನೇ ಜಗ್ಗುತ್ತಿದ್ದರು.

ಒಂದು ಡ್ಯೂಟಿಯಿಂದ ಇನ್ನೊಂದು ಡ್ಯೂಟಿಗೆ ರೋಗಿಗಳನ್ನು ಒಪ್ಪಿಸುವುದಕ್ಕೆ ನಮ್ಮಲ್ಲಿ ಹ್ಯಾಂಡೋವರ್ ಎನ್ನುತ್ತಾರೆ. ಮನೆ ಖಾಲಿ ಮಾಡುವಾಗ ಬೀಗದ ಕೈ ಕೊಡುವ ಹಾಗೆ ಇದು ಎಂದು ಹೊರಗಿನವರು ತಿಳಿದುಕೊಂಡಿರಬಹುದು. ಬೀಗದ ಕೈಯನ್ನಾದರೂ ಕೈಗೆ ಕೊಡುತ್ತಾರೆ. ನಮ್ಮ ಡಾಕ್ಟರುಗಳು ಲಿಫ್ಟಿನ ಬಾಗಿಲು ಮುಚ್ಚುವಾಗ ಒಪ್ಪಿಸುತ್ತಿದ್ದರು, ಕ್ಯಾಂಟೀನಿನಲ್ಲಿ ಬಾಯಿ ತುಂಬ ಬಜ್ಜಿ ಇರುವಾಗ ಒಪ್ಪಿಸುತ್ತಿದ್ದರು, ಹೆಲ್ಮೆಟ್ ಹಾಕಿಕೊಂಡು ಬೈಕ್ ಸ್ಟಾರ್ಟ್ ಮಾಡಿದ ಮೇಲೂ ಒಪ್ಪಿಸುತ್ತಿದ್ದರು. ಏನಾದರೂ ಕೇಳಿದರೆ "ಎಲ್ಲಾ ಫೈಲಲ್ಲಿದೆ ಸಿಸ್ಟರ್" ಎನ್ನುವರು. ಫೈಲು ತೆಗೆದರೆ "ಸಿಸ್ಟರಿಗೆ ತಿಳಿಸಲಾಗಿದೆ" ಎಂದು ಬರೆದಿರುತ್ತಿತ್ತು. ಆಮೇಲೆ ವಾಟ್ಸಪ್ ಗ್ರೂಪು ಬಂತು. ಒಬ್ಬರು ಎಲ್ಲ ಹಾಸಿಗೆಗಳ ನಂಬರು ಹಾಕಿ ಮುಂದೆ ಸ್ಟೇಬಲ್ ಎಂದು ಬರೆದರೆ, ಉಳಿದ ಹನ್ನೊಂದು ಜನ ಹೆಬ್ಬೆರಳು ಎತ್ತಿ ತೋರಿಸಿ ಸುಮ್ಮನಾಗುತ್ತಿದ್ದರು. ಅದರಲ್ಲಿ ಇಬ್ಬರು ಕೆಲಸ ಬಿಟ್ಟು ಹೋಗಿ ಆರು ತಿಂಗಳಾಗಿತ್ತು, ಆದರೂ ಹೆಬ್ಬೆರಳು ಎತ್ತುತ್ತಿದ್ದರು.

ಇದನ್ನು ಸರಿಮಾಡಲು ಒಬ್ಬ ಮೇಡಂ ಬಂದರು. ಕ್ವಾಲಿಟಿ ವಿಭಾಗಕ್ಕೆ ಹೊಸದಾಗಿ ಸೇರಿದವರು, ಹಾಗಾಗಿ ನಾವು ಅವರನ್ನು ಕ್ವಾಲಿಟಿ ಮೇಡಂ ಎಂದೇ ಕರೆಯುತ್ತಿದ್ದೆವು. ಅವರು ಮೀಟಿಂಗ್ ಹಾಲಿನಲ್ಲಿ ಪರದೆ ಇಳಿಬಿಟ್ಟು, ಹ್ಯಾಂಡೋವರ್ ಸರಿಯಿಲ್ಲದೆ ಜಗತ್ತಿನಾದ್ಯಂತ ಏನೇನು ಅನಾಹುತಗಳಾಗುತ್ತವೆ ಎಂದು ತೋರಿಸಿದರು. ನಾವು ಸಮೋಸ ತಿಂದೆವು. ಹತ್ತು ಜನ ಸೇರಿದ ಕಡೆ ಹಾವು ಸಾಯಲ್ಲ ಅಂತಾರೆ. ನಮ್ಮಲ್ಲಿ ಹಾವು ಹೊಡೆಯಲು ಒಂದು ಸಮಿತಿ, ಸಮಿತಿಯ ಮೇಲೆ ಕಣ್ಣಿಡಲು ಇನ್ನೊಂದು ಸಮಿತಿ ಆಯಿತು. ಎರಡು ತಿಂಗಳು ಕಳೆಯುವಷ್ಟರಲ್ಲಿ ಒಂದು ಫಾರಂ ಹುಟ್ಟಿತು. ಹಿಂದೆ ಮುಂದೆ ಎರಡೂ ಕಡೆ ತುಂಬಬೇಕಾದ ಫಾರಂ. ಕೊಡುವವರ ಹೆಸರು, ತೆಗೆದುಕೊಳ್ಳುವವರ ಹೆಸರು, ಇಬ್ಬರ ಸಹಿ, ಇಬ್ಬರ ಎಂಪ್ಲಾಯೀ ನಂಬರು, ಶುರು ಮಾಡಿದ ಸಮಯ, ಮುಗಿಸಿದ ಸಮಯ, ಮೇಲ್ವಿಚಾರಕರ ಸಹಿ. ರೋಗಿಗೂ ಒಂದು ಚೌಕ ಕೊಟ್ಟಿದ್ದರು. ಅದರಲ್ಲಿ ಸ್ಟೇಬಲ್ ಅಥವಾ ಅನ್‌ಸ್ಟೇಬಲ್ ಎಂಬುದಕ್ಕೆ ಟಿಕ್ ಹಾಕಬೇಕು. ಕೊನೆಯಲ್ಲಿ "ಇತರೆ" ಎಂದು ಒಂದು ಗೆರೆಯಷ್ಟು ಜಾಗ ಇತ್ತು.

ಇದರ ಜೊತೆಗೆ ಒಂದು ಹಳದಿ ಜಾಕೆಟ್ ಕೂಡ ಬಂತು. ಟ್ರಾಫಿಕ್ ಪೊಲೀಸರು ಹಾಕಿಕೊಳ್ಳುತ್ತಾರಲ್ಲ, ಅಂಥದ್ದೇ. ಹ್ಯಾಂಡೋವರ್ ನಡೆಯುವಾಗ ನಡುವೆ ಯಾರಾದರೂ ಮಾತಾಡಿಸಿದರೆ ವಿಷಯ ತಪ್ಪಿಹೋಗುತ್ತದಂತೆ. ಅದಕ್ಕೆ ಜಾಕೆಟ್ಟಿನ ಮೇಲೆ, ಎದೆಯ ಭಾಗದಲ್ಲೂ ಬೆನ್ನಿನ ಭಾಗದಲ್ಲೂ, ತೊಂದರೆ ಕೊಡಬೇಡಿ ಎಂದು ಇಂಗ್ಲಿಷಿನಲ್ಲಿ ದೊಡ್ಡದಾಗಿ ಅಚ್ಚು ಹಾಕಿಸಿದ್ದರು. ನಮ್ಮ ವಾರ್ಡಿನ ಹ್ಯಾಂಡೋವರ್ ಇನ್‌ಚಾರ್ಜ್ ನಾನೇ ಎಂದಾಯಿತು. ನನ್ನ ಗಂಟಲು ದೊಡ್ಡದು ಎನ್ನುವುದೇ ಅರ್ಹತೆ.

ಮೊದಲ ದಿನ ನಾನು ಆ ಜಾಕೆಟ್ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕೆ. ಟ್ರಿನಿಟಿ ಸರ್ಕಲ್ಲಿನಲ್ಲಿ ನಿಂತು ಬಸ್ಸುಗಳಿಗೆ ಕೈ ತೋರಿಸಲೇನು ಎಂದು ಕೇಳಿದೆ. ಆದರೆ ನಿಜ ಹೇಳಬೇಕು. ನಾಲ್ಕು ದಿನ ಹಾಕಿಕೊಂಡ ಮೇಲೆ ನನಗೂ ಒಂದು ಗತ್ತು ಬಂತು. ಹತ್ತೊಂಬತ್ತು ವರ್ಷ ಎಲ್ಲರೂ "ಸಿಸ್ಟರ್, ಸಿಸ್ಟರ್" ಎಂದು ಕರೆದಾಗಲೆಲ್ಲ ಓಡಿದ್ದೆ. ಈಗ ದಿನಕ್ಕೆ ಎರಡು ಸಲ, ಕಾಲು ಗಂಟೆಯಷ್ಟು ಹೊತ್ತು, ಯಾರು ಕರೆದರೂ ನಾನು ತಿರುಗಿ ನೋಡಬೇಕಾಗಿರಲಿಲ್ಲ. ಅದು ನನಗೆ ಬಹಳ ಇಷ್ಟವಾಯಿತು.

ಒಂಬತ್ತನೇ ಹಾಸಿಗೆಗೆ ಹೂವಿನಮ್ಮ ಬಂದದ್ದು ಅದೇ ಹೊತ್ತಿಗೆ. ಹಲಸೂರಿನ ಹಳೆಯ ದೇವಸ್ಥಾನದ ಬೀದಿಯಲ್ಲಿ ನಲವತ್ತು ವರ್ಷದಿಂದ ಹೂವು ಕಟ್ಟಿ ಮಾರುತ್ತಿದ್ದ ಹೆಂಗಸು, ವಯಸ್ಸು ಅರವತ್ತರ ಮೇಲೆ. ವಾರ್ಡಿನಲ್ಲಿ ಎಲ್ಲರೂ ಹೂವಿನಮ್ಮ ಎಂದೇ ಕರೆದೆವು. ಸಕ್ಕರೆ ಕಾಯಿಲೆ ಇತ್ತು. ಬಲತೊಡೆಯಲ್ಲಿ ಒಂದು ಕುರು ಎದ್ದು, ಅದಕ್ಕೆ ಮನೆಯಲ್ಲೇ ಏನೇನೋ ಹಚ್ಚಿಕೊಂಡು, ಒಳಗೊಳಗೇ ಕೀವು ತುಂಬಿ ತೊಡೆ ಊದಿಕೊಂಡ ಮೇಲೆ ಬಂದಿದ್ದರು. ಸೋಮವಾರ ಆಪರೇಷನ್ ಆಯಿತು. ಕೀವು ತೆಗೆದ ಜಾಗದಲ್ಲಿ ಅಂಗೈ ಹೋಗುವಷ್ಟು ದೊಡ್ಡ ಪೊಳ್ಳು. ಇಂಥ ಗಾಯಕ್ಕೆ ಹೊಲಿಗೆ ಹಾಕುವುದಿಲ್ಲ. ಔಷಧಿಯಲ್ಲಿ ಅದ್ದಿದ, ಗಾಜ್ ಎನ್ನುವ ಜಾಳು ಬಟ್ಟೆಯ ಉದ್ದನೆಯ ಪಟ್ಟಿಯನ್ನು ಅದರೊಳಗೆ ತುಂಬುತ್ತಾರೆ. ದಿನವೂ ಹಳೆಯದನ್ನು ಎಳೆದು ತೆಗೆದು ಹೊಸದನ್ನು ತುಂಬಬೇಕು, ಗಾಯ ತಳದಿಂದ ಮೇಲಕ್ಕೆ ಮಾಗುತ್ತಾ ಬರಬೇಕು.

ಹೂವಿನಮ್ಮನಿಗೆ ಒಂದೇ ಚಿಂತೆ. "ಕಾಲು ಮಡಚಕ್ಕೆ ಬರುತ್ತಾ ಸಿಸ್ಟರಮ್ಮಾ? ಕುಕ್ಕರಗಾಲಲ್ಲಿ ಕೂತ್ಕೊಂಡು ಹೂ ಕಟ್ಟೋಕಾಗಲ್ಲ. ಚಕ್ಕಂಬಕ್ಕಳ ಹಾಕ್ಲೇಬೇಕು" ಎಂದು ದಿನಕ್ಕೆ ನಾಲ್ಕು ಸಲ ಕೇಳುವರು. ಬರುತ್ತೆ ಎಂದು ನಾನು ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದೆ. ಹೇಳುವುದಕ್ಕೇನು, ನಾಲಿಗೆಗೆ ಮೂಳೆ ಇಲ್ಲ.

ಮಂಗಳವಾರ ಡ್ರೆಸಿಂಗ್ ಮಾಡಿದವನು ಒಬ್ಬ ಕಿರಿಯ ಡಾಕ್ಟರು. ಹಿಂದಿನ ದಿನದಿಂದ ಡ್ಯೂಟಿಯಲ್ಲೇ ಇದ್ದವನು, ಮರುದಿನದಿಂದ ಪರೀಕ್ಷೆಗೆ ರಜೆ ಹಾಕಿದ್ದವನು, ಕಣ್ಣು ಅರ್ಧ ಮುಚ್ಚಿಕೊಂಡೇ ಕೆಲಸ ಮಾಡುತ್ತಿದ್ದ. ಒಂದು ತುಂಡು ಗಾಜ್ ಬಟ್ಟೆಯನ್ನು ಗಾಯದ ತಳಕ್ಕೆ ತುಂಬಿದ. ಸಾಲಲಿಲ್ಲ. ಇನ್ನೊಂದು ಪ್ಯಾಕೆಟ್ ಒಡೆದು ಉದ್ದನೆಯ ಬಟ್ಟೆಯನ್ನು ಅದರ ಮೇಲೆ ತುಂಬಿದ. ಹೀಗೆ ಎರಡು ತುಂಡು ಹಾಕಿದಾಗ ಎರಡನ್ನೂ ಗಂಟು ಹಾಕಬೇಕು, ಫೈಲಿನಲ್ಲಿ ಎರಡು ಎಂದು ಬರೆಯಬೇಕು. ಅವನು ಎರಡೂ ಮಾಡಲಿಲ್ಲ. ಗ್ರೂಪಿನಲ್ಲಿ ಮಾತ್ರ "ಒಂಬತ್ತು, ಡ್ರೆಸಿಂಗ್ ಆಯಿತು, ಸ್ಟೇಬಲ್" ಎಂದು ಹಾಕಿ ಹೋದ. ಹೆಬ್ಬೆರಳುಗಳು ಸಾಲಾಗಿ ಎದ್ದವು.

ಬುಧವಾರ ಬೆಳಿಗ್ಗೆ ಇನ್ನೊಬ್ಬಳು ಡಾಕ್ಟರು ಬಂದಳು. ಚುರುಕು ಹುಡುಗಿ, ಕೆಲಸವೂ ನಾಜೂಕು. ಮೇಲಿನ ಉದ್ದನೆಯ ಬಟ್ಟೆಯನ್ನು ಎಳೆದು ತೆಗೆದಳು, ಗಾಯ ತೊಳೆದಳು, ಹೊಸ ಬಟ್ಟೆ ತುಂಬಿದಳು. ಕೆಳಗೆ ಇನ್ನೊಂದು ಇದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ರಕ್ತದಲ್ಲಿ ನೆಂದ ಬಟ್ಟೆಗೂ ಮಾಂಸಕ್ಕೂ ಬಣ್ಣದಲ್ಲಿ ಅಂಥ ವ್ಯತ್ಯಾಸ ಇರುವುದಿಲ್ಲ. ಅವಳೂ ಗ್ರೂಪಿನಲ್ಲಿ ಹಾಕಿದಳು. ಏನು ಹಾಕಿದಳೆಂದು ಹೇಳಬೇಕಾಗಿಲ್ಲ.

ಇಬ್ಬರು ಡಾಕ್ಟರುಗಳು ನೋಡದ್ದನ್ನು ಒಬ್ಬರು ನೋಡಿದ್ದರು. ಎರಡೂ ದಿನ ಹೂವಿನಮ್ಮ ದಿಂಬಿಗೆ ಒರಗಿ, ಹಲ್ಲು ಕಚ್ಚಿಕೊಂಡು, ತಮ್ಮ ತೊಡೆಯ ಒಳಗೆ ಹೋಗುವುದನ್ನೂ ಹೊರಗೆ ಬರುವುದನ್ನೂ ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ನಲವತ್ತು ವರ್ಷ ಮೊಣಕೈಯಿಂದ ಬೆರಳ ತುದಿಯವರೆಗೆ ಹೂವು ಅಳೆದು ಮಾರಿದವರು. ಮಾರು ದೂರದಲ್ಲಿ ತೂಗುಹಾಕಿದ ಮಾಲೆ ನೋಡಿ ಎಷ್ಟು ಮೊಳ ಎಂದು ಹೇಳಬಲ್ಲ ಕಣ್ಣು ಅದು.

ಬುಧವಾರ ಮಧ್ಯಾಹ್ನ ಎರಡು ಗಂಟೆ. ರೋಗಿಗಳ ಕಡೆಯವರನ್ನೆಲ್ಲ ಹೊರಗೆ ಕಳಿಸಿ ಬಾಗಿಲು ಹಾಕಿಸಿದ್ದೆ. ನಾನು ಜಾಕೆಟ್ ಹಾಕಿಕೊಂಡು, ಫಾರಂ ಕಟ್ಟು ಹಿಡಿದು, ಡ್ಯೂಟಿಗೆ ಬಂದ ಮೂವರು ನರ್ಸುಗಳನ್ನು ಹಿಂದೆ ಕಟ್ಟಿಕೊಂಡು ಹಾಸಿಗೆಯಿಂದ ಹಾಸಿಗೆಗೆ ಹೋಗುತ್ತಿದ್ದೆ. ಕ್ವಾಲಿಟಿ ಮೇಡಂ ಬಾಗಿಲ ಹತ್ತಿರ ನಿಂತು ನೋಡುತ್ತಿದ್ದರು. ಒಂಬತ್ತಕ್ಕೆ ಬಂದಾಗ ಹೂವಿನಮ್ಮ ಕೈ ಎತ್ತಿದರು.

"ಸಿಸ್ಟರಮ್ಮಾ, ಒಂದ್ ಮಾತು. ನೆನ್ನೆ ಆ ಡಾಕ್ಟ್ರಪ್ಪ ತುಂಬಿದ್ದು ನಾಲ್ಕ್ ಮೊಳ. ಮೊದ್ಲು ಒಂದು, ಆಮೇಲೆ ಮೂರು. ಇವತ್ತು ಈಯಮ್ಮ ತೆಗ್ದಿದ್ದು ಮೂರೇ."

"ಅಮ್ಮಾ, ಹ್ಯಾಂಡೋವರ್ ನಡೀತಿದೆ. ಆಮೇಲೆ ಮಾತಾಡಿ" ಎಂದು ನಾನು ಎದೆಯ ಮೇಲಿನ ಬರಹ ತೋರಿಸಿದೆ. ಹೂವಿನಮ್ಮನಿಗೆ ಇಂಗ್ಲಿಷ್ ಇರಲಿ, ಯಾವ ಅಕ್ಷರವೂ ಬರುತ್ತಿರಲಿಲ್ಲ.

"ಒಂದ್ ಮೊಳ ಒಳಗೇ ಐತೆ ಕಣಮ್ಮಾ."

ಮೇಡಂ ನೋಡುತ್ತಿದ್ದಾರೆ, ಮುಗಿಸಿದ ಸಮಯ ಬರೆಯಬೇಕು, ಇನ್ನೂ ಹನ್ನೆರಡು ಹಾಸಿಗೆ ಬಾಕಿ. "ಏನಮ್ಮಾ ಇದು, ಸೇವಂತಿಗೆ ಹಾರಾನಾ ಮೊಳ ಹಾಕಿ ಅಳೆಯೋಕೆ? ಡಾಕ್ಟ್ರಿಗೆ ಗೊತ್ತಿರಲ್ವಾ, ನಿಮಗೆ ಗೊತ್ತಿರುತ್ತಾ?" ಎಂದೆ.

ನನ್ನ ಹಿಂದಿದ್ದ ನರ್ಸುಗಳು ನಕ್ಕರು. ಕನ್ನಡ ಅರ್ಥವಾಗದ ಹುಡುಗಿಯೂ ನಕ್ಕಳು. ಹೂವಿನಮ್ಮ ಕೈ ಇಳಿಸಿದರು. ಫಾರಂನಲ್ಲಿ ಸ್ಟೇಬಲ್ ಎಂಬುದಕ್ಕೆ ಟಿಕ್ ಹಾಕಿದೆ, "ಇತರೆ" ಎಂಬಲ್ಲಿ ಒಂದು ಗೆರೆ ಎಳೆದೆ, ಸಹಿ ಮಾಡಿದೆ. ಹತ್ತನೇ ಹಾಸಿಗೆಗೆ ಹೋದೆ. ಹದಿನಾಲ್ಕು ನಿಮಿಷದಲ್ಲಿ ಇಡೀ ವಾರ್ಡು ಮುಗಿಯಿತು. ಮೇಡಂ ನನ್ನ ಬೆನ್ನು ತಟ್ಟಿ, ಉಳಿದ ವಾರ್ಡುಗಳಿಗೂ ನಾನೇ ತರಬೇತಿ ಕೊಡಬೇಕು ಎಂದರು.

ಗುರುವಾರ ನನ್ನ ವಾರದ ರಜೆ. ರಾಗಿ ಹಿಟ್ಟು ಮಾಡಿಸಿಕೊಂಡು ಬಂದೆ, ಮಗಳ ತಲೆಗೆ ಎಣ್ಣೆ ಹಚ್ಚಿ ತಿಕ್ಕಿದೆ. ಊಟಕ್ಕೆ ಕೂತಾಗ ಸೇವಂತಿಗೆ ಹಾರದ ಮಾತನ್ನು ಗಂಡನಿಗೆ ಹೇಳಿದೆ. ಅವರೂ ನಕ್ಕರು. ನನಗೆ ಆ ಮಾತಿನ ಬಗ್ಗೆ ಸಣ್ಣ ಹೆಮ್ಮೆಯೇ ಇತ್ತು. ಅದನ್ನು ಈಗ ಬರೆಯುವಾಗ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಶುಕ್ರವಾರ ಬೆಳಿಗ್ಗೆ ವಾರ್ಡಿನ ಬಾಗಿಲಲ್ಲೇ ವಾಸನೆ ಬಂತು. ಇಷ್ಟು ವರ್ಷದ ಮೇಲೆ ನಮ್ಮ ಮೂಗಿಗೆ ಕೆಲವು ವಾಸನೆಗಳ ಗುರುತು ಇರುತ್ತದೆ. ಒಂಬತ್ತನೇ ಹಾಸಿಗೆಯಲ್ಲಿ ಹೂವಿನಮ್ಮ ಎರಡು ಕಂಬಳಿ ಹೊದ್ದು ಗಡಗಡ ನಡುಗುತ್ತಿದ್ದರು. ತೊಡೆ ಊದಿ ಚರ್ಮ ಮಿರಮಿರ ಮಿಂಚುತ್ತಿತ್ತು, ಕೆಂಪು ಸೊಂಟದ ಕಡೆಗೆ ಹರಡುತ್ತಿತ್ತು. ಗುರುವಾರ ಡ್ರೆಸಿಂಗ್ ಮಾಡಿದವರೂ ಮೇಲಿನ ಬಟ್ಟೆಯನ್ನಷ್ಟೇ ಬದಲಿಸಿದ್ದರು. ಆ ದಿನದ ಮೂರು ಫಾರಂಗಳಲ್ಲೂ ಸ್ಟೇಬಲ್ ಎಂದಿತ್ತು. ಜ್ವರ ಬಂದಿದೆ ಎಂದು ಇನ್ನೊಂದು ಕಾಗದದಲ್ಲಿ ಇತ್ತು, ಆದರೆ ಆ ಕಾಗದಕ್ಕೂ ಈ ಫಾರಂಗೂ ಮಾತುಕತೆ ಇರಲಿಲ್ಲ.

ನಾನು ಹಣೆ ಮುಟ್ಟಿದೆ. ಹೂವಿನಮ್ಮ ಕಣ್ಣು ತೆರೆದರು.

"ಇನ್ನೂ ತೆಗ್ದಿಲ್ವಲ್ಲಮ್ಮಾ" ಎಂದರು.

"ನೆನ್ನೆ ಯಾರಿಗೂ ಹೇಳ್ಲಿಲ್ವಾ ನೀವು?"

"ನಿಮಗೆ ಹೇಳಿದ್ದೆನಲ್ಲ. ನೀವು ಎಲ್ರಿಗೂ ಹೇಳಿರ್ತೀರಾ ಅಂದ್ಕೊಂಡೆ. ಅಷ್ಟು ಬರ್ಕೊತಿದ್ರಿ."

ಬರೆದುಕೊಳ್ಳುತ್ತಿದ್ದೆ ಹೌದು. ಆಕೆ ಮಾತಾಡುವಾಗ ನಾನು ಬರೆದದ್ದು ನನ್ನ ಎಂಪ್ಲಾಯೀ ನಂಬರು.

ದೊಡ್ಡ ಸರ್ಜನ್ ಆಗ ತಾನೇ ಮೇಲಿನ ಮಹಡಿಯಲ್ಲಿ ರೌಂಡ್ಸ್ ಶುರು ಮಾಡಿದ್ದರು. ಮೆಟ್ಟಿಲು ಹತ್ತಿ ಓಡಿಹೋಗಿ, ಒಂಬತ್ತರ ಗಾಯದೊಳಗೆ ಬಟ್ಟೆ ಉಳಿದಿದೆ, ರೋಗಿ ಹೇಳುತ್ತಿದ್ದಾರೆ ಎಂದೆ.

"ಎಷ್ಟು ಉಳಿದಿದೆಯಂತೆ?"

"ಒಂದು ಮೊಳ ಸಾರ್."

ಅವರ ಜೊತೆಗಿದ್ದ ಐದಾರು ಜನ ಕಿಸಕ್ಕೆಂದರು. "ಮೊಳಾನಾ? ಸೆಂಟಿಮೀಟರಲ್ಲಿ ಹೇಳಿ ಸಿಸ್ಟರ್. ಇದು ಹೂವಿನ ಮಾರ್ಕೆಟ್ ಅಲ್ಲ" ಎಂದರು ಸರ್ಜನ್. ಎರಡು ದಿನದ ಹಿಂದೆ ನಾನು ಆಡಿದ ಮಾತನ್ನೇ ದೊಡ್ಡ ಓದಿನವರ ಬಾಯಿಂದ ಕೇಳಿದೆ. ಅದು ಎಷ್ಟು ಕೊಳಕು ಮಾತು ಎಂದು ಆಗ ಗೊತ್ತಾಯಿತು.

"ಸಾರ್, ನೀವು ಈಗ್ಲೇ ಬಂದು ನೋಡ್ಬೇಕು. ಬರ್ಲಿಲ್ಲ ಅಂದ್ರೆ ನಾನು ಇಲ್ಲಿಂದ ಹೋಗಲ್ಲ" ಎಂದೆ. ದೊಡ್ಡ ಗಂಟಲು ಅವತ್ತು ಒಂದು ಒಳ್ಳೆಯ ಕೆಲಸಕ್ಕೆ ಬಂತು. ಅವರು ಮುಖ ಸಿಂಡರಿಸಿಕೊಂಡೇ ಕೆಳಗೆ ಬಂದರು. ಕಂಬಳಿ ಸರಿಸಿದ ಮೇಲೆ ಮುಖದ ಸಿಡುಕು ಇಳಿಯಿತು. ಒಂದು ಗಂಟೆಯೊಳಗೆ ಹೂವಿನಮ್ಮ ಆಪರೇಷನ್ ಥಿಯೇಟರಿನಲ್ಲಿದ್ದರು.

ಗಾಯದ ತಳದಿಂದ ಕಪ್ಪು ಹಸಿರು ಬಣ್ಣಕ್ಕೆ ತಿರುಗಿದ ಬಟ್ಟೆ ಬಂತು. ಆಪರೇಷನ್ ನೋಟಿನಲ್ಲಿ ಸರ್ಜನ್ ಅದರ ಉದ್ದ ಬರೆದರು: ಸುಮಾರು ನಲವತ್ತೈದು ಸೆಂಟಿಮೀಟರ್. ನಾನು ಸ್ಟೋರಿನ ಟೇಪು ತೆಗೆದು ನನ್ನ ಮೊಣಕೈಯಿಂದ ಬೆರಳ ತುದಿಯವರೆಗೆ ಹಿಡಿದು ನೋಡಿದೆ. ಆಮೇಲೆ ಲಿನನ್ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ.

ಮುಂದಿನ ಎಂಟು ದಿನ ಕಾಲು ಉಳಿಯುತ್ತದೋ ಇಲ್ಲವೋ ಎಂದು ಯಾರೂ ಹೇಳಲಿಲ್ಲ. ಸೋಂಕು ಇನ್ನೂ ಮೇಲೇರಿದರೆ ಕಾಲು ತೆಗೆಯಬೇಕು, ಅದನ್ನೂ ದಾಟಿದರೆ ಜೀವಕ್ಕೇ ಅಪಾಯ ಎಂದು ಸರ್ಜನ್ ಹೂವಿನಮ್ಮನ ಮಗಳಿಗೆ ಹೇಳಿದರು. ಈ ಸಲ ಕನ್ನಡದಲ್ಲೇ ಹೇಳಿದರು. ನಾನು ಬೆಳಿಗ್ಗೆ ಬಂದ ಕೂಡಲೇ ಮೊದಲು ತೊಡೆಯ ಮೇಲೆ ಪೆನ್ನಿನಲ್ಲಿ ಎಳೆದ ಗೆರೆಯನ್ನು ನೋಡುತ್ತಿದ್ದೆ, ಕೆಂಪು ಅದರಿಂದ ಮೇಲೆ ಹೋಗಿದೆಯೋ ಕೆಳಗೆ ಇಳಿದಿದೆಯೋ ಎಂದು. ಹಲಸೂರಿನಲ್ಲಿ ಬಸ್ಸು ನಿಂತಾಗಲೆಲ್ಲ ಕಣ್ಣು ಮುಚ್ಚಿ ಕೈ ಮುಗಿಯುತ್ತಿದ್ದೆ. ದೇವರ ವಿಷಯದಲ್ಲಿ ನಾನು ಅಂಥ ಆಸ್ಥೆಯವಳಲ್ಲ, ಆದರೆ ಆಗ ಮುಗಿದೆ. ಐದನೇ ದಿನ ಆ ಕೆಂಪು, ಗೆರೆಯಿಂದ ಕೆಳಗೆ ಇಳಿಯಿತು. ಎಂಟನೇ ದಿನ ಸರ್ಜನ್ ಗಾಯ ನೋಡಿ, ಕಾಲು ಉಳಿಯಿತು ಎಂದರು. ಮಾಂಸ ಬಹಳಷ್ಟು ಹೋಗಿತ್ತು, ಮಡಚುವುದು ಮಾತ್ರ ಕಷ್ಟ ಎಂದೂ ಹೇಳಿದರು.

ಕಾಲು ಉಳಿದ ಮೇಲೆ ವಿಚಾರಣೆ ಶುರುವಾಯಿತು. ಊರೆಲ್ಲ ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕುವುದರಲ್ಲಿ ನಮ್ಮ ಆಸ್ಪತ್ರೆಯವರನ್ನು ಮೀರಿಸುವವರಿಲ್ಲ. ಸೂಪರಿಂಟೆಂಡೆಂಟ್, ದೊಡ್ಡ ಸರ್ಜನ್, ಕ್ವಾಲಿಟಿ ಮೇಡಂ ಮೂವರೂ ಕೂತರು. ಪರೀಕ್ಷೆಗೆ ಹೋಗಿದ್ದ ಹುಡುಗನನ್ನು ಕರೆಸಿದರು. ತಾನು ಗ್ರೂಪಿನಲ್ಲಿ ಹಾಕಿದ್ದೆ ಎಂದ. ಬುಧವಾರದ ಡಾಕ್ಟರು, ಗ್ರೂಪಿನಲ್ಲಿ ಎರಡು ಎಂದು ಇರಲಿಲ್ಲ ಎಂದಳು. ಮೇಡಂ ನನ್ನ ಬುಧವಾರದ ಫಾರಂ ತೆಗೆದು ಮೇಜಿನ ಮೇಲಿಟ್ಟರು. ಎಲ್ಲ ಚೌಕಗಳೂ ತುಂಬಿದ್ದವು, ಸಹಿಗಳು ಸರಿಯಾಗಿದ್ದವು. ಇಂಥ ಅಚ್ಚುಕಟ್ಟಾದ ಫಾರಂ ಇಡೀ ಆಸ್ಪತ್ರೆಯಲ್ಲಿ ಇನ್ನೊಂದಿಲ್ಲ ಎಂದು ಸೂಪರಿಂಟೆಂಡೆಂಟ್ ಮೆಚ್ಚಿಕೊಂಡರು.

ನಾನು ಆಗಲೇ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಬೇರೆಯವರ ತಟ್ಟೆಯ ನೊಣ ಹೆಕ್ಕಿ ಹೆಕ್ಕಿ ತೋರಿಸುವವಳು ನಾನು; ನನ್ನ ತಟ್ಟೆಯಲ್ಲಿ ಬಿದ್ದ ಹೆಗ್ಗಣದ ಮೇಲೆ ಕೈ ಮುಚ್ಚಿಕೊಂಡು ಕೂತೆ. ಕೆಲಸ ಹೋದರೆ ಈ ವಯಸ್ಸಿನಲ್ಲಿ ಇನ್ನೊಂದು ಆಸ್ಪತ್ರೆಯ ಬಾಗಿಲಲ್ಲಿ ಹೊಸಬಳಾಗಿ ನಿಲ್ಲಬೇಕಲ್ಲ ಎಂಬ ಹೆದರಿಕೆ. ಅದಕ್ಕಿಂತ ಹೆಚ್ಚಾಗಿ, ಆ ಮೂವರ ಮುಂದೆ ಸೇವಂತಿಗೆ ಹಾರದ ಮಾತನ್ನು ಮತ್ತೆ ಆಡಬೇಕಲ್ಲ ಎಂಬ ನಾಚಿಕೆ.

ಕೊನೆಗೆ ರೋಗಿಯನ್ನೂ ಒಂದು ಮಾತು ಕೇಳಿಬಿಡೋಣ ಎಂದು ಎಲ್ಲರೂ ಎದ್ದು ಒಂಬತ್ತನೇ ಹಾಸಿಗೆಗೆ ಬಂದರು. ಅಭ್ಯಾಸಬಲ, ಕಾಲಿನ ಕಡೆಯೇ ನಿಂತರು. ನಾನು ಹಿಂದೆ ನಿಂತಿದ್ದೆ.

"ಅಮ್ಮಾ, ಒಳಗೆ ಬಟ್ಟೆ ಉಳ್ಕೊಂಡಿದೆ ಅಂತ ನಿಮಗೆ ಬುಧವಾರವೇ ಗೊತ್ತಾಗಿತ್ತಂತೆ. ಶುಕ್ರವಾರದವರೆಗೂ ಯಾರಿಗಾದ್ರೂ ಹೇಳಿದ್ರಾ?" ಎಂದು ಮೇಡಂ ಕೇಳಿದರು.

ಹೂವಿನಮ್ಮ ಮೇಡಂ ಮುಖ ನೋಡಿದರು, ಸೂಪರಿಂಟೆಂಡೆಂಟ್ ಮುಖ ನೋಡಿದರು. ಆಮೇಲೆ ಅವರೆಲ್ಲರ ಭುಜಗಳ ಸಂದಿನಿಂದ ನನ್ನನ್ನು ನೋಡಿದರು.

"ಇಲ್ಲ ಸ್ವಾಮಿ. ಯಾರ್ಗೂ ಹೇಳ್ಲಿಲ್ಲ" ಎಂದರು.

ಮೂವರಿಗೂ ಒಂದು ಭಾರ ಇಳಿದ ಹಾಗಾಯಿತು. ರೋಗಿಯು ಸಕಾಲದಲ್ಲಿ ತಿಳಿಸದ ಕಾರಣ ವಿಳಂಬವಾಗಿದೆ ಎಂದು ಬರೆದುಕೊಂಡರು. ನಿಮ್ಮ ತೊಂದರೆಗಳನ್ನು ಸಿಬ್ಬಂದಿಗೆ ತಪ್ಪದೆ ತಿಳಿಸಿ ಎಂದು ಪ್ರತಿ ವಾರ್ಡಿನಲ್ಲೂ ಒಂದು ಬೋರ್ಡ್ ಹಾಕಿಸುವುದೆಂದು ಮೇಡಂ ಅಲ್ಲೇ ಸೂಚಿಸಿದರು. ಬೋರ್ಡಿಗೆ ಯಾವ ಬಣ್ಣ ಎಂದು ಚರ್ಚಿಸುತ್ತಾ ಹೊರಟರು. ಹಲಸೂರಿನ ಒಬ್ಬ ಮುದುಕಿ ತನ್ನ ತೊಡೆಯಲ್ಲಿ ತಾನೇ ಬಟ್ಟೆ ಬಚ್ಚಿಟ್ಟುಕೊಂಡು ಆಸ್ಪತ್ರೆಗೆ ಮೋಸ ಮಾಡಿದಳು ಎನ್ನುವುದೊಂದು ಬಾಕಿ.

ಅವರೆಲ್ಲ ಹೋದ ಮೇಲೆ ನಾನು ಹಾಸಿಗೆಯ ತಲೆಯ ಕಡೆ ಹೋಗಿ ಸ್ಟೂಲ್ ಎಳೆದುಕೊಂಡು ಕೂತೆ. "ಯಾಕಮ್ಮಾ ಸುಳ್ಳು ಹೇಳಿದ್ರಿ?" ಎಂದು ಕೇಳಿದೆ. ನನ್ನನ್ನು ಕ್ಷಮಿಸಿದ್ದಾರೆ, ದೊಡ್ಡ ಮನಸ್ಸು ಎಂದೆಲ್ಲ ನನ್ನ ತಲೆಯಲ್ಲಿ ಓಡುತ್ತಿತ್ತು. ಅಂಥದ್ದೇನನ್ನಾದರೂ ಆಕೆ ಹೇಳಲಿ ಎಂದು ಆಸೆಯೂ ಇತ್ತು.

"ಹೇಳಿದ್ರೆ ನಿನ್ನ ಕಳಿಸ್ಬಿಡ್ತಾರೆ" ಎಂದರು ಹೂವಿನಮ್ಮ. ಮೊದಲ ಸಲ ನನ್ನನ್ನು ಏಕವಚನದಲ್ಲಿ ಕರೆದದ್ದು. "ನಿನ್ನ ಜಾಗಕ್ಕೆ ಇನ್ನೊಬ್ಳು ಹೊಸಬ್ಳು ಬರ್ತಾಳೆ. ಅವ್ಳಿಗೆ ನಾನು ಮತ್ತೆ ಮೊದ್ಲಿಂದ ಹೇಳ್ಬೇಕು. ನಂಗೆ ಶಕ್ತಿ ಇಲ್ಲ ಕಣಮ್ಮಾ."

ಕ್ಷಮೆಯೂ ಇಲ್ಲ, ಕೋಪವೂ ಇಲ್ಲ. ನಮ್ಮ ಕೈಯಲ್ಲಿ ಸಿಕ್ಕಿಬಿದ್ದವರು ಇಲ್ಲಿಂದ ಜೀವ ಸಮೇತ ಹೊರಗೆ ಹೋಗಲು ಹಾಕಿಕೊಂಡ ಲೆಕ್ಕ ಅಷ್ಟೇ. ಕಿವಿ ಕೇಳದವಳಾದರೂ ಪರಿಚಯದವಳು ಇರಲಿ ಎಂದು. ನನಗೆ ಬಯ್ದಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಇದನ್ನು ಸಹಿಸಲಾಗಲಿಲ್ಲ.

ಸೂಪರಿಂಟೆಂಡೆಂಟ್ ರೂಮಿಗೆ ಹೋದೆ. ಬಾಗಿಲು ತಟ್ಟದೆ ಒಳಗೆ ಹೋಗಿದ್ದು ಅದೇ ಮೊದಲು. ಬುಧವಾರ ಮಧ್ಯಾಹ್ನ ಆಕೆ ನನಗೆ ಹೇಳಿದರು, ಎರಡು ಸಲ ಹೇಳಿದರು, ನಾನು ತಮಾಷೆ ಮಾಡಿ ಮುಂದೆ ಹೋದೆ ಎಂದೆ. ಅವರು ಕನ್ನಡಕ ತೆಗೆದು ಒರೆಸಿದರು.

"ಸಿಸ್ಟರ್, ರಿಪೋರ್ಟ್ ಮುಗಿದಿದೆ. ಪೇಷೆಂಟೇ ಇಲ್ಲ ಅಂದಿದ್ದಾರೆ. ನಿಮಗೆ ಯಾಕೆ ಬೇಕು ಇದು?"

"ಬರ್ಕೊಳ್ಳಿ ಸಾರ್."

"ಬರೆದ್ರೆ ನಿಮ್ಮ ಮೇಲೇ ಬರುತ್ತೆ."

"ಬರ್ಲಿ. ಬರ್ಕೊಳ್ಳಿ."

ಕೆಲಸ ಹೋಗಲಿಲ್ಲ. ಹ್ಯಾಂಡೋವರ್ ಇನ್‌ಚಾರ್ಜ್ ಹುದ್ದೆ ಹೋಯಿತು, ಜಾಕೆಟ್ ಇನ್ನೊಬ್ಬಳಿಗೆ ಹೋಯಿತು, ನನ್ನ ಕೈಗೆ ಒಂದು ಮೆಮೊ ಬಂತು. ಹೂವಿನಮ್ಮ ಇನ್ನೂ ಹನ್ನೆರಡು ದಿನ ಇದ್ದು, ವಾಕರ್ ಹಿಡಿದು, ಮಗಳ ಜೊತೆ ಆಟೋ ಹತ್ತಿ ಹೋದರು. ಹೋಗುವ ಹಿಂದಿನ ದಿನ ಹಾಸಿಗೆಯ ಮೇಲೆ ಕೂತು ಚಕ್ಕಂಬಕ್ಕಳ ಹಾಕಲು ನೋಡಿದರು. ಬಲಗಾಲು ಅರ್ಧಕ್ಕೆ ನಿಂತಿತು. ಕೈಯಿಂದ ಒತ್ತಿ ಮತ್ತೊಮ್ಮೆ ನೋಡಿ ಬಿಟ್ಟರು. ನಾನು ನೋಡುತ್ತಿದ್ದೇನೆ ಎಂದು ಗೊತ್ತಾಗಿ ಸೀರೆಯನ್ನು ಕಾಲಿನ ಮೇಲೆ ಎಳೆದುಕೊಂಡರು.

ಅವತ್ತು ಸಂಜೆ ಡಿಸ್ಚಾರ್ಜ್ ಕಾಗದ ಮಾಡಲು ಆಕೆಯ ಫೈಲನ್ನು ಮೊದಲಿಂದ ಕೊನೆಯವರೆಗೆ ತಿರುವಿದೆ. ಎರಡು ಬೆರಳು ದಪ್ಪ ಇತ್ತು. ಜ್ವರ ಇತ್ತು, ಬಿ.ಪಿ. ಇತ್ತು, ಸಕ್ಕರೆ ಇತ್ತು, ಎಷ್ಟು ನೀರು ಕುಡಿದರು, ಎಷ್ಟು ಉಚ್ಚೆ ಹೋಯಿತು ಎಲ್ಲ ಇತ್ತು. ಕಾಲು ಮಡಚಲು ಬರುತ್ತಾ ಎಂದು ದಿನಕ್ಕೆ ನಾಲ್ಕು ಸಲ ಕೇಳಿದ್ದು ಎಲ್ಲೂ ಇರಲಿಲ್ಲ. ಆ ಹೆಂಗಸು ಆಡಿದ ಒಂದೇ ಒಂದು ಮಾತೂ ಇರಲಿಲ್ಲ. ರೋಗಿಯು ಗಾಯದೊಳಗೆ ಬಟ್ಟೆ ಉಳಿದಿದೆ ಎಂದು ಬುಧವಾರ ಎರಡು ಬಾರಿ ಹೇಳಿದ್ದರು ಎಂದು ನಮ್ಮ ಆಸ್ಪತ್ರೆಯಲ್ಲಿ ಬರೆದಿರುವುದು ನನಗೆ ಕೊಟ್ಟ ಮೆಮೊದಲ್ಲಿ ಮಾತ್ರ.